ವಿ-ಕ್ರಾಸ್ ಎತ್ತರಿಸೋಕೆ ಕಡಿಮೆ ಖರ್ಚಿನ ದಾರಿ ಯಾವುದು?

ಕೇಳಿದ್ದು (ಬಾಗೇಪಲ್ಲಿ): ಇಸುಜು ವಿ-ಕ್ರಾಸ್ ಪಿಕಪ್, ಫೋರ್ ವೀಲ್ ಡ್ರೈವ್, ಟೈರ್ 245/70, 16 ಇಂಚು. ತೋಟದ ದಾರಿ ಪೂರ್ತಿ ಬಂಡೆ, ಟ್ರ್ಯಾಕ್ಟರ್ ಜಾಡು. ಮುಂದೆ ಸ್ಕಿಡ್ ಪ್ಲೇಟ್ (ಎಂಜಿನ್ ಕೆಳಗಿನ ರಕ್ಷಣೆ ತಗಡು) ನೆಲಕ್ಕೆ ತಾಗುತ್ತೆ, ಹಿಂದೆ ಟೊಮೆಟೊ ಕ್ರೇಟ್ ಇಟ್ಟರೆ ಕೂತುಬಿಡುತ್ತೆ. 3 ಇಂಚು ಎತ್ತಬೇಕು ಅಂತ ಇದೆ. ಸ್ಪೇಸರ್ ಸಾಕಾ, ಸ್ಪ್ರಿಂಗೇ ಬದಲಾಯಿಸಬೇಕಾ? ಬಜೆಟ್ 50,000.

ಚಿಂತಾಮಣಿಯಿಂದ: 3 ಇಂಚು ಬಿಡಿ ಸಾರ್. ಮುಂದಿನ ಸಸ್ಪೆನ್ಷನ್ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು (ಅಪ್ಪರ್), ಕೆಳಗೊಂದು (ಲೋಯರ್) ಆರ್ಮ್ ಹಿಡಿದಿರುತ್ತೆ. 2 ಇಂಚು ದಾಟಿದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಕೋನ ಜಾಸ್ತಿಯಾಗಿ ರಬ್ಬರ್ ಬೂಟ್ ಬೇಗ ಹರಿಯುತ್ತೆ, ಗ್ರೀಸ್ ಹೋಗಿ ಧೂಳು ಸೇರುತ್ತೆ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ, ಹೈವೇಯಲ್ಲಿ ಗಾಡಿ ಅಲೆಯುತ್ತೆ. ಅದನ್ನು ಸರಿ ಮಾಡೋಕೆ ಬೇರೆ ಅಪ್ಪರ್ ಆರ್ಮ್ ಬೇಕು, ಬಜೆಟ್ ಅಲ್ಲೇ ಮುಗೀತು. ಮುಂದೆ 40 ಮಿ.ಮೀ., ಹಿಂದೆ 25ರಿಂದ 30 ಸಾಕು.

ಇನ್ನೊಂದು: ಟ್ರ್ಯಾಕ್ಟರ್ ಜಾಡಿನ ನಡುವಿನ ದಿಬ್ಬಕ್ಕೆ ತಾಗೋದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ಆಗಿದ್ದರೆ ಯಾವ ಲಿಫ್ಟೂ ಉಪಯೋಗಕ್ಕೆ ಬರಲ್ಲ. ಆಕ್ಸಲ್ ನೆಲದಿಂದ ಎಷ್ಟು ಎತ್ತರ ಅನ್ನೋದು ಟೈರಿನ ಲೆಕ್ಕ. 245/70 ತೆಗೆದು 245/75 ಹಾಕಿದರೆ ವ್ಯಾಸ 749ರಿಂದ 774 ಮಿ.ಮೀ.ಗೆ ಹೋಗುತ್ತೆ, ಆಕ್ಸಲ್ 12 ಮಿ.ಮೀ. ಏರುತ್ತೆ. ಸ್ಪೀಡೋಮೀಟರ್ ಮುಳ್ಳು ಮೊದಲಿಗಿಂತ ಸುಮಾರು 3 ಪರ್ಸೆಂಟ್ ಕಮ್ಮಿ ತೋರಿಸುತ್ತೆ, ಅಷ್ಟೇ. ಮೊದಲು ಗಾಡಿ ಕೆಳಗೆ ಮಲಗಿ ಗೀರು ಎಲ್ಲೆಲ್ಲಿ ಬಿದ್ದಿದೆ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಮಾಲೂರಿನಿಂದ: ಸ್ಪೇಸರ್ ಅಂದರೆ ಎರಡು ಜಾತಿ, ಅಂಗಡಿಯವರು ಎರಡನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಒಂದು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಿ) ತಲೆಯ ಮೇಲೆ, ಚಾಸಿಗೂ ಅದಕ್ಕೂ ನಡುವೆ ಕೂರುವುದು. ಇನ್ನೊಂದು ಸ್ಪ್ರಿಂಗ್ ಒಳಗೇ ಸೇರಿಸಿ ಸ್ಪ್ರಿಂಗನ್ನು ಇನ್ನಷ್ಟು ಒತ್ತುವುದು. ಎರಡನೆಯದು ಬೇಡ: ಖಾಲಿ ಗಾಡಿ ಕುದುರೆ ಥರ ಕುಣಿಯುತ್ತೆ, ಚಕ್ರ ಗುಂಡಿಗೆ ಇಳಿಯೋಕೆ ಜಾಗವೇ ಇರಲ್ಲ. ಅದನ್ನು ಹಾಕೋಕೆ ಸ್ಪ್ರಿಂಗ್ ಬಿಚ್ಚಬೇಕು. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಟೂಲ್ ಇಲ್ಲದ ಗ್ಯಾರೇಜಲ್ಲಿ ಅದು ಪ್ರಾಣಕ್ಕೆ ಸಂಚಕಾರ.

ಮೇಲೆ ಕೂರುವ ಸ್ಪೇಸರಿನ ದಪ್ಪವೇ ಲಿಫ್ಟ್ ಅಲ್ಲ. ಸ್ಟ್ರಟ್ ಕೂತಿರೋದು ಲೋಯರ್ ಆರ್ಮಿನ ನಡುವೆ, ಹಾಗಾಗಿ ಚಕ್ರದ ಹತ್ತಿರ ಹೆಚ್ಚುಕಡಿಮೆ ಎರಡರಷ್ಟು ಸಿಗುತ್ತೆ. ನಿಮಗೆ 20 ಮಿ.ಮೀ. ಸಾಕು, 40 ತಂದು ಹಾಕಿಬಿಟ್ಟೀರಿ! ಹಾಕಿದ ಮೇಲೆ ಚಕ್ರ ಪೂರ್ತಿ ಇಳಿಬಿಟ್ಟು ಅಪ್ಪರ್ ಆರ್ಮ್ ಸ್ಪ್ರಿಂಗಿಗೆ ತಾಗುತ್ತಾ, ಬ್ರೇಕ್ ಹೋಸ್ ಬಿಗಿಯುತ್ತಾ, ಎಬಿಎಸ್ ವೈರ್ ಎಳೆಯುತ್ತಾ ನೋಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಬೇಕು.

ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿದ್ದರೆ ಮಾತ್ರ ಸ್ಪೇಸರಿಗೆ ದುಡ್ಡು ಹಾಕಬೇಡಿ. ಹೇಗೂ ಶಾಕ್ ಕೊಳ್ಳಲೇಬೇಕು, ಆಗ 40 ಮಿ.ಮೀ. ಎತ್ತರದ ಸ್ಪ್ರಿಂಗನ್ನೂ ಜೊತೆಗೆ ತಗೊಳ್ಳಿ. ಹಿಂದಿನದು ಮುಂದಿನ ವರ್ಷ ಮಾಡಿದರಾಯಿತು.

ಶಿರಾದಿಂದ: ಹಿಂದೆ ಕೂರುತ್ತೆ ಅಂದಿರಲ್ಲ, ಅದು ಎತ್ತರದ ಸಮಸ್ಯೆ ಅಲ್ಲ, ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಕಮಾನು ಪ್ಲೇಟು) ಸೋತಿರೋದು. 15 ಕೆ.ಜಿ.ಯ ಕ್ರೇಟ್ 12 ಇಟ್ಟರೆ 180 ಕೆ.ಜಿ., ಅಷ್ಟಕ್ಕೇ ಕೂರಬಾರದು. ಆಕ್ಸಲಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಬ್ಲಾಕ್ ಹಾಕಿದರೆ ಎತ್ತರವೇನೋ ಬರುತ್ತೆ, ಲೋಡಿಗೆ ಅಷ್ಟೇ ಕೂರುತ್ತೆ. ಉದ್ದದ ಶಾಕಲ್ (ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸೋ ಕೊಂಡಿ) ಹಾಕಿದರೂ ಅಷ್ಟೇ. ಜೊತೆಗೆ ಆ ಕೊಂಡಿ 50 ಮಿ.ಮೀ. ಉದ್ದ ಮಾಡಿದರೆ ಸಿಗೋದು 25, ತಿರುವಲ್ಲಿ ಹಿಂಭಾಗ ಅಡ್ಡ ಆಡುತ್ತೆ. ಒಂದು ಪ್ಲೇಟ್ ಸೇರಿಸೋದೇ ಸರಿ. ಹಳೇ ಪ್ಲೇಟುಗಳ ಕಮಾನು ಚಪ್ಪಟೆಯಾಗಿದ್ದರೆ ಹೊಸ ಪ್ಲೇಟ್ ಮೇಲೇ ಭಾರವೆಲ್ಲ ಬಿದ್ದು ಸೆಂಟರ್ ಬೋಲ್ಟ್ ಹತ್ತಿರ ಕಟ್ಟಾಗುತ್ತೆ, ಆಗ ಪೂರ್ತಿ ಸೆಟ್ಟೇ ಬದಲಾಯಿಸಿ. ಎರಡು ಪ್ಲೇಟ್ ಸೇರಿಸೋಕೆ ಹೋಗಬೇಡಿ, ಖಾಲಿ ಓಡಿಸುವಾಗ ಸೊಂಟ ಬೀಳುತ್ತೆ.

ಮಾಲೂರಿನಿಂದ: ಬ್ಲಾಕ್ ಅಷ್ಟೇನೂ ಕೆಟ್ಟದ್ದಲ್ಲ. ಲೋಡ್ ಇಲ್ಲದ ಗಾಡಿಗೆ 25 ಮಿ.ಮೀ. ಕಬ್ಬಿಣದ ಬ್ಲಾಕ್ ನಡೆಯುತ್ತೆ. ಒಂದರ ಮೇಲೊಂದು ಪೇರಿಸೋದು ಮಾತ್ರ ಯಾವತ್ತೂ ಬೇಡ.

ಶಿರಾದಿಂದ: ಇವರ ಗಾಡಿಗೆ ಲೋಡ್ ಇದೆಯಲ್ಲ! ಸರಿ, ಯಾವುದೇ ಹಾಕಿ, ಲೀಫ್ ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟೋ ಹಳೇ ಯು-ಬೋಲ್ಟ್ ವಾಪಸ್ ಹಾಕಬೇಡಿ. ಒಮ್ಮೆ ಬಿಗಿಸಿದ್ದು ಎಳೆದಿರುತ್ತೆ, ಮತ್ತೆ ಟಾರ್ಕ್ (ಬಿಗಿಯ ಅಳತೆ) ಹಿಡಿಯಲ್ಲ. ನಾಲ್ಕೂ ಹೊಸದು ತಗೊಂಡು ಅಡ್ಡಡ್ಡ ಬಿಗಿಸಿ, 100 ಕಿ.ಮೀ. ಆದ ಮೇಲೆ ಒಮ್ಮೆ, 500ಕ್ಕೆ ಮತ್ತೊಮ್ಮೆ ಟಾರ್ಕ್ ನೋಡಿ. ಗಾಡಿ ನಿಂತಲ್ಲಿಂದ ಹೊರಡುವಾಗ ಕಡಿಮೆ ಸ್ಪೀಡಲ್ಲಿ ಅದುರಿದರೆ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯೋ ಉದ್ದನೆ ಶಾಫ್ಟ್) ಕೋನ ಕೆಟ್ಟಿದೆ ಅಂತ. ಆ ಶಾಫ್ಟಿನ ನಡುವಿನ ಸೆಂಟರ್ ಬೇರಿಂಗ್ ಕೆಳಗಿಳಿಸೋ ವಾಷರ್ ಕೊಟ್ಟರೆ ಸಾಮಾನ್ಯವಾಗಿ ನಿಲ್ಲುತ್ತೆ.

ಚಿಂತಾಮಣಿಯಿಂದ: ಗ್ಯಾರೇಜಲ್ಲಿ ಎದುರಿಗೆ ನಿಂತು ನೋಡಬೇಕಾದ್ದು ಒಂದೇ ಒಂದು. ಗಾಡಿ ಜಾಕ್ ಮೇಲಿದ್ದಾಗ ಆರ್ಮ್ ಬುಶ್, ಶಾಕಲ್ ಬುಶ್‌ಗಳ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಬೇಕು. ಚಕ್ರ ನೆಲಕ್ಕೆ ಬಿಟ್ಟು ಭಾರ ಕೂತ ಮೇಲೆ ಫೈನಲ್ ಟಾರ್ಕ್. ನೇತಾಡುವಾಗಲೇ ಬಿಗಿಸಿದರೆ ಬುಶ್ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತೆ. ಲಿಫ್ಟ್ ಕಿಟ್ಟೇ ಕಳಪೆ ಅಂತ ಬೈಸಿಕೊಳ್ಳೋದು ಬಹಳ ಸಲ ಈ ತಪ್ಪಿಂದಲೇ.

ಎತ್ತರವನ್ನು ನೆಲದಿಂದ ಅಳೀಬೇಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಆದರೆ ಲೆಕ್ಕ ತಪ್ಪುತ್ತೆ. ಹಬ್ ನಡುಮಧ್ಯದಿಂದ ಫೆಂಡರ್ ಅಂಚಿಗೆ, ನಾಲ್ಕೂ ಕಡೆ, ಮುಂಚೆ ಮತ್ತು ಆಮೇಲೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಟೋ (ಚಕ್ರಗಳು ಒಳಕ್ಕೆ, ಹೊರಕ್ಕೆ ತಿರುಗಿರೋ ಕೋನ) ಒಂದನ್ನೇ ಸರಿ ಮಾಡಿ ಕಳಿಸಿಬಿಡ್ತಾರೆ, ಕ್ಯಾಂಬರ್ (ಚಕ್ರದ ಅಡ್ಡ ಓರೆ), ಕ್ಯಾಸ್ಟರ್ ಇರುವ ಪ್ರಿಂಟ್ ಕೇಳಿ ತಗೊಳ್ಳಿ.

ಕೋಲಾರದಿಂದ: ಲೋಡ್ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸೋ, ಹಿಂದಿನ ಆಕ್ಸಲಿಗೆ ಸರಳು ಕಟ್ಟಿದ ಬ್ರೇಕ್ ವಾಲ್ವ್ ಇದೆಯಾ ನೋಡಿ. ಹಿಂಭಾಗ ಏರಿದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತೆ. ಏರಿಸಿದಷ್ಟೇ ಎತ್ತರದ ಬ್ರಾಕೆಟ್ ಕೊಟ್ಟು ಸರಳಿನ ಕೋನ ಮೊದಲಿನಂತೆ ಮಾಡಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಕ್ಲೇಮ್ ಹೊತ್ತಲ್ಲಿ ತಕರಾರು ಬೇಡ ಅಂದರೆ ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ, ವಿಮೆಯವರ ಹತ್ತಿರ ಕೇಳಿಕೊಳ್ಳಿ. ಹೆಡ್‌ಲೈಟನ್ನೂ ಮರೀಬೇಡಿ: ಮುಂಭಾಗ ಹಿಂದಿಗಿಂತ ಜಾಸ್ತಿ ಏರುತ್ತೆ, ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಗೋಡೆ ಮುಂದೆ ನಿಲ್ಲಿಸಿ ಹಳೇ ಬೆಳಕಿನ ಗೆರೆಗೆ ಸುಣ್ಣದ ಗುರುತು ಹಾಕಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಲೈಟ್ ಏರಿದಷ್ಟು ಗೆರೆಯನ್ನೂ ಮೇಲಕ್ಕೆ ಬರೆದು, ಸ್ಕ್ರೂ ತಿರುಗಿಸಿ ಬೆಳಕನ್ನು ಅಲ್ಲಿಗೆ ಇಳಿಸಿ.