ಮಗಳು ಕೋತಿಗಳ ಆರೈಕೆಗೆ ಹೊರಟಿದ್ದಾಳೆ, ಅನುಭವ ಇರುವವರು ಹೇಳಿ

ಕೇಳಿದವರು: ಗೋಣಿಕೊಪ್ಪದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದು ಮುಗಿಸಿದ್ದಾಳೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ವರ್ವೆಟ್ ಅನ್ನುವ ಕೋತಿಗಳ ಆಶ್ರಯ ಕೇಂದ್ರ ಇದೆಯಂತೆ. ಜೂನ್‌ನಲ್ಲಿ ಅಲ್ಲಿಗೆ ಹೋಗಿ ಎರಡು ತಿಂಗಳು ವಾಲಂಟಿಯರ್ ಆಗಿ ಇರುತ್ತೇನೆ ಅನ್ನುತ್ತಾಳೆ. ಟಿಕೆಟ್ ನಮ್ಮದೇ, ಊಟ-ವಸತಿಗೂ ನಾವೇ ಕಟ್ಟಬೇಕು. ಇವಳ ಅಪ್ಪನಿಗೆ ಮನಸ್ಸಿಲ್ಲ. ಈ ಸಲ ಕಿತ್ತಳೆಯಲ್ಲಿ ಅರ್ಧದಷ್ಟು ಕೋತಿಗಳೇ ತಿಂದಿವೆ, ಆ ಬೇಸರವೂ ಇದೆ. ನನಗೆ ತಿಳಿಯಬೇಕಾದ್ದು ಇಷ್ಟೇ. ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ? ಕಚ್ಚಿದರೆ, ಕಾಯಿಲೆ ಬಂದರೆ ಏನು ಮಾಡೋದು? ಆ ಜಾಗ ಒಳ್ಳೆಯದು ಅಂತ ತಿಳಿಯೋದು ಹೇಗೆ?

ಸೋಮವಾರಪೇಟೆಯಿಂದ, ಇಂಥ ಕಡೆ ಮೂರು ತಿಂಗಳು ಇದ್ದವನು

ಅಕ್ಕ, ನಾನು ಲಿಂಪೊಪೊದಲ್ಲೇ ಇದ್ದೆ. ಮೊದಲು ತಿಂಗಳ ವಿಷಯ ಹೇಳಿಬಿಡುತ್ತೇನೆ. ಜೂನ್ ಅಂದರೆ ಅಲ್ಲಿ ಚಳಿಗಾಲ. ಆ ಭಾಗದ ವರ್ವೆಟ್‌ಗಳು ಮರಿ ಹಾಕುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಅನಾಥ ಮರಿಗಳು ಬರುವುದೂ, ಕೇಂದ್ರದವರಿಗೆ ಜನ ಸಾಲದೆ ಬರುವುದೂ ಆವಾಗಲೇ. ಮಗಳಿಗೆ ಮರಿಗಳ ಆರೈಕೆ ಕಲಿಯುವ ಆಸೆ ಇದ್ದರೆ ನವೆಂಬರ್‌ಗೆ ಹೋಗಲಿ. ಜೂನ್‌ಗೇ ಹೋಗುವುದಾದರೆ ಒಳ್ಳೆಯ ಸ್ವೆಟರ್ ಇರಲಿ.

ಕೆಲಸದ ಬಗ್ಗೆ ಹೇಳುವುದಾದರೆ, ಮೊದಲ ಎರಡು ವಾರ ನಾನು ಒಂದು ಕೋತಿಯನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಆರೂವರೆಗೆ ಶುರು. ಬಕೆಟ್ ತೊಳೆಯೋದು, ಹಿಕ್ಕೆ ಎತ್ತೋದು, ನೀರಿನ ತೊಟ್ಟಿ ಉಜ್ಜೋದು, ಸೊಪ್ಪು ಕಡಿದು ತಳ್ಳುಗಾಡಿಯಲ್ಲಿ ತರೋದು. ಆಮೇಲೆ ಹೆಚ್ಚೋದು. ಸಿಹಿಗೆಣಸು, ಕ್ಯಾರೆಟ್, ಎಲೆಕೋಸು ರಾಶಿ ರಾಶಿ. ನಾನು ಶುರುವಿನಲ್ಲಿ ಗೆಣಸನ್ನು ದೊಡ್ಡದಾಗಿ ಹೆಚ್ಚುತ್ತಿದ್ದೆ. ಅಲ್ಲಿನ ಹಿರಿಯಾಕೆ ಬಂದು, ಹೆಬ್ಬೆರಳಿನಷ್ಟೇ ಇರಲಿ ಅಂದರು. ಯಾಕೆ ಅಂತ ಊಟ ಹಾಕುವಾಗ ತೋರಿಸಿದರು. ತುಂಡು ದೊಡ್ಡದಾದರೆ ಗುಂಪಿನ ಜೋರಿನವು ಎತ್ತಿಕೊಂಡು ಹೋಗುತ್ತವೆ, ಕೆಳಗಿನ ಸ್ಥಾನದವು ನೋಡುತ್ತಾ ಕೂರುತ್ತವೆ. ಸಣ್ಣದು ಮಾಡಿ ನಾಲ್ಕೂ ಕಡೆ ಚೆಲ್ಲಿದರೆ ಎಲ್ಲಕ್ಕೂ ಸಿಗುತ್ತೆ. ಈ ಸ್ಥಾನಮಾನ ಹೆಣ್ಣು ಮರಿಗೆ ತಾಯಿಯಿಂದ ಬರುತ್ತೆ. ಜೋರಿನ ತಾಯಿಯ ಮಗಳು ಜೋರಿನವಳೇ. ಯಾವುದು ಯಾರ ಮಗಳು ಅಂತ ಗೊತ್ತಾಗೋ ತನಕ ನಮಗೆ ಅಲ್ಲಿನ ಜಗಳ ಒಂದೂ ಅರ್ಥ ಆಗಲ್ಲ.

ಮರಿಗಳ ಕೋಣೆಗೆ ನನ್ನನ್ನು ಬಿಟ್ಟದ್ದು ಮೂರನೇ ವಾರ. ತಾಯಿ ಕಾರಿಗೆ ಸಿಕ್ಕಿ ಸತ್ತು, ಹೊಟ್ಟೆಗೆ ಅಂಟಿಕೊಂಡೇ ಉಳಿದಿದ್ದ ಒಂದು ಮರಿ. ನನ್ನ ಅಂಗೈಯಲ್ಲಿ ಕೂರುವಷ್ಟು. ಅದಕ್ಕೆ ಹಾಲಿಗಿಂತ ಮೊದಲು ಬೇಕಾದ್ದು ಹಿಡಿದುಕೊಳ್ಳಲು ಏನಾದರೂ. ನನ್ನ ಬನಿಯನ್ನನ್ನು ನಾಲ್ಕೂ ಕೈಕಾಲಿಂದ ಹಿಡಿದು, ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಾಕುತ್ತಿತ್ತು. ಹಾಲು ಕುಡಿಸುವಾಗ ನಮ್ಮ ಮಕ್ಕಳ ಹಾಗೆ ಅಂಗಾತ ಮಲಗಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಸುತ್ತಿದ ಟವೆಲ್ ಮೇಲೆ ಹೊಟ್ಟೆ ಕೆಳಗೆ ಮಾಡಿ ಕೂರಿಸಿ, ತಲೆ ತಾನೇ ಎತ್ತಿ ಕುಡಿಯುವ ಹಾಗೆ ಕೊಡಬೇಕು.

ಆಮೇಲೆ ಅದಕ್ಕೊಂದು ಸಾಕುತಾಯಿ ಹುಡುಕಿದರು. ವರ್ವೆಟ್ ಮಂಕಿ ಫೌಂಡೇಶನ್ ಅನ್ನುವ ಆಶ್ರಯ ಕೇಂದ್ರದಂಥ ಕಡೆ ಇದೇ ಕ್ರಮ. ಮರಿಯನ್ನು ಮನುಷ್ಯರು ದೊಡ್ಡದು ಮಾಡಲ್ಲ, ಹೆಣ್ಣು ಕೋತಿಯ ಮಡಿಲಿಗೆ ಹಾಕುತ್ತಾರೆ. ನಮ್ಮಲ್ಲಿ ನಡುವೆ ಜಾಲರಿ ಇಟ್ಟು ದಿನಾ ಸ್ವಲ್ಪ ಹೊತ್ತು ಕೂರಿಸುತ್ತಿದ್ದೆವು. ನಾಲ್ಕನೇ ದಿನ ಆ ಹೆಣ್ಣು ಕೈ ತೂರಿಸಿ ಮರಿಯ ಬೆನ್ನಿನ ಕೂದಲು ಬಿಡಿಸತೊಡಗಿತು, ತುಟಿ ಪಟಪಟ ಅನ್ನಿಸುತ್ತಾ. ಮರಿ ಇನ್ನೂ ನನ್ನ ಬನಿಯನ್ ಬಿಟ್ಟಿರಲಿಲ್ಲ. ಆರನೇ ದಿನ ಬಾಗಿಲು ತೆರೆದರು. ಅದು ಎರಡು ಸಲ ನನ್ನ ಹತ್ತಿರ ಓಡಿಬಂತು. ಮೂರನೇ ಸಲ ಆ ಹೆಣ್ಣು ಬಂದು ಅದನ್ನು ಕಾಲು ಹಿಡಿದು ಎಳೆದು ಹೊಟ್ಟೆಗೆ ಹಾಕಿಕೊಂಡಿತು. ನನಗೆ ಹೊರಗೆ ಹೋಗು ಅಂತ ಸನ್ನೆ ಮಾಡಿದರು. ಮತ್ತೆ ಆ ಮರಿಯ ಕಣ್ಣಿಗೆ ಬೀಳಬಾರದು ಅಂತ ಮೂರು ವಾರ ಆ ಕಡೆಯ ಕೆಲಸವನ್ನೇ ಕೊಡಲಿಲ್ಲ. ಆ ರಾತ್ರಿ ನಾನು ಅತ್ತಿದ್ದೇನೆ ಅಕ್ಕ. ಮಗಳಿಗೆ ಇದನ್ನು ಈಗಲೇ ಹೇಳಿಡಿ. ಅವಳು ಎತ್ತಿ ಬೆಳೆಸುವ ಮರಿ ಅವಳನ್ನು ಬಿಟ್ಟು ಹೋದರೇನೇ ಅವಳ ಕೆಲಸ ಸರಿಯಾಗಿದೆ ಅಂತ.

ಇನ್ನೊಂದು. ಹಲ್ಲು ತೋರಿಸಿದರೆ ನಗು ಅಂತ ತಿಳಿಯಬಾರದು, ಅದು ಹೆದರಿಕೆ. ಕಣ್ಣಿಟ್ಟು ನೋಡುವುದು ಜಗಳಕ್ಕೆ ಕರೆದ ಹಾಗೆ. ನಮ್ಮ ತೋಟದಲ್ಲಿ ಮುಸುವ ಕೂಗಿದರೆ ಚಿರತೆಯೋ ಹುಲಿಯೋ ಬಂತು ಅಂತ ಕೆಲಸದವರು ನಿಲ್ಲುತ್ತಾರೆ, ಅಲ್ವಾ? ವರ್ವೆಟ್‌ಗಳಿಗೆ ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಒಂದು. ಒಂದು ಮಧ್ಯಾಹ್ನ ಇಡೀ ಗುಂಪು ಎರಡು ಕಾಲ ಮೇಲೆ ಎದ್ದುನಿಂತು ಹುಲ್ಲನ್ನೇ ನೋಡುತ್ತಿತ್ತು. ನಾನೂ ನಿಂತೆ. ಹುಲ್ಲಿನಲ್ಲಿ ಹಾವಿತ್ತು.

ವಿರಾಜಪೇಟೆಯಿಂದ, ನರ್ಸ್

ಮೇಡಂ, ಇಂಜೆಕ್ಷನ್ ವಿಷಯ ನಾನು ಹೇಳುತ್ತೇನೆ. ಹೊರಡುವುದಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಶುರು ಮಾಡಿ. ರೇಬಿಸ್‌ಗೆ ಮುಂಜಾಗ್ರತೆಯ ಲಸಿಕೆ ಇದೆ. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಇದನ್ನು ಹಾಕಿಸಿಕೊಂಡಿದ್ದರೆ ಮುಂದೆ ಕಚ್ಚಿದಾಗ ಎರಡೇ ಡೋಸ್ ಸಾಕು, ಕಚ್ಚಿದ ದಿನ ಒಂದು, 3ನೇ ದಿನ ಒಂದು. ಹಾಕಿಸಿಕೊಂಡಿದ್ದೇನಲ್ಲ ಅಂತ ಸುಮ್ನೆ ಇರಬಾರದು. ಟಿಟನಸ್ ಯಾವಾಗ ಆಗಿದೆ ನೋಡಿ. ಮಲೇರಿಯಾ ಮಾತ್ರೆ ಬೇಕಾ ಅಂತ ಹೋಗುವ ತಿಂಗಳು, ಜಾಗ ಹೇಳಿ ಡಾಕ್ಟರ್ ಹತ್ತಿರ ಕೇಳಿ.

ಕಚ್ಚಿದರೆ, ಪರಚಿದರೆ, ಕಣ್ಣಿಗೆ ಎಂಜಲು ಸಿಡಿದರೆ ಮೊದಲ ಕೆಲಸ ನೀರು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ 15 ನಿಮಿಷ. ಅರಿಶಿನ, ಕಾಫಿಪುಡಿ ಏನೂ ಹಚ್ಚಬೇಡಿ. ನಾನು ಬ್ಯಾಂಡೇಜ್ ಬಿಚ್ಚಿದಾಗ ಕಾಫಿಪುಡಿ ಕಂಡದ್ದು ಎಷ್ಟು ಸಲವೋ.

ಜನ ಮರೆಯುವುದು ಇದರ ಉಲ್ಟಾ ವಿಷಯ. ನಮ್ಮಿಂದಲೂ ಅವಕ್ಕೆ ಕಾಯಿಲೆ ಹೋಗುತ್ತೆ. ಕ್ಷಯ ಕೋತಿಗಳ ಗುಂಪಿನಲ್ಲಿ ಬೇಗ ಹಬ್ಬುತ್ತೆ. ಒಳ್ಳೆಯ ಕೇಂದ್ರದವರು ಮಗಳ ಹತ್ತಿರ ಟಿಬಿ ಟೆಸ್ಟ್ ರಿಪೋರ್ಟ್ ಕೇಳುತ್ತಾರೆ. ಕೇಳದೇ ಇದ್ದರೆ ಅಲ್ಲಿಗೆ ಕಳಿಸಬೇಡಿ.

ಸಿದ್ದಾಪುರದಿಂದ, ತೋಟದವರು

ತಂಗಿ, ನಾನು ಯಾವ ಕೇಂದ್ರಕ್ಕೂ ಹೋದವನಲ್ಲ. ಆದರೆ ಕೋತಿ ಸಾಕಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷದ ಹಿಂದೆ, ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ವಾರ. ನಮ್ಮ ನಾಯಿಗಳು ಒಂದು ತಾಯಿಕೋತಿಯನ್ನು ಕೊಂದವು. ಕೆಲಸದವರ ಲೈನ್ ಮನೆಯ ಹುಡುಗ ಮರಿಯನ್ನು ಟವೆಲ್‌ನಲ್ಲಿ ಸುತ್ತಿ ತಂದ. ನನ್ನ ಹೆಂಡತಿ ಹಾಲು ಕುಡಿಸಿ ಬದುಕಿಸಿದಳು. ಮಕ್ಕಳ ಜೊತೆ ಊಟ, ಮಕ್ಕಳ ಜೊತೆ ನಿದ್ದೆ. ಬಂದವರೆಲ್ಲ ಫೋಟೋ ತೆಗೆಯುವವರೇ.

ಐದನೇ ವರ್ಷಕ್ಕೆ ಅದು ದೊಡ್ಡ ಗಂಡಾಯಿತು. ಕೋರೆಹಲ್ಲು ಬಂತು. ಒಂದು ದಿನ ನನ್ನ ಚಿಕ್ಕ ಮಗಳ ತೋಳು ಕಚ್ಚಿತು, ಹನ್ನೊಂದು ಹೊಲಿಗೆ. ಆಮೇಲೆ ಸೊಂಟಕ್ಕೆ ಸರಪಳಿ ಹಾಕಿ ಹಲಸಿನ ಮರಕ್ಕೆ ಕಟ್ಟಿದೆ. ತೋಟಕ್ಕೆ ಕೋತಿಗಳ ಗುಂಪು ಬಂದಾಗ ಅದು ಆ ಕಡೆಗೂ ಹೋಗುತ್ತಿರಲಿಲ್ಲ, ಹೆದರಿ ನಮ್ಮ ಅಡುಗೆಮನೆ ಕಡೆ ಎಳೆಯುತ್ತಿತ್ತು. ಅದಕ್ಕೆ ಕೋತಿಗಳ ಭಾಷೆಯೇ ಬರುತ್ತಿರಲಿಲ್ಲ. ಕೊನೆಗೆ ಅರಣ್ಯ ಇಲಾಖೆಗೆ ಒಪ್ಪಿಸಿದೆ. ಜೀಪಿನೊಳಗಿಂದ ನನ್ನ ಹೆಂಡತಿಯನ್ನೇ ನೋಡುತ್ತಿತ್ತು. ಪ್ರೀತಿಯಿಂದಲೇ ಸಾಕಿದ್ದೆವು, ಆದರೂ ಅದರ ಬಾಳನ್ನು ಹಾಳು ಮಾಡಿದವರು ನಾವೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ ಅನ್ನುವುದೂ ನನಗೆ ಆಮೇಲೆ ತಿಳಿಯಿತು. ಈಗ ನಮ್ಮ ಕಡೆ ಯಾರಿಗೆ ಮರಿ ಸಿಕ್ಕಿದರೂ 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ ಅದು, ಅನ್ನುತ್ತೇನೆ.

ನಿನ್ನ ಮಗಳು ಕ್ರಮವಾಗಿ ಕಲಿತು ಬರಲಿ. ಅಂಥವರು ಕೊಡಗಿಗೆ ಬೇಕು. ಅವಳ ಅಪ್ಪನಿಗೂ ಇದನ್ನು ಓದಿ ಹೇಳು.

ಕುಶಾಲನಗರದಿಂದ, ಪುನರ್ವಸತಿ ಕೇಂದ್ರವೊಂದರಲ್ಲಿ ಪ್ರಾಣಿಪಾಲಕನಾಗಿದ್ದವನು

ಮೇಲಿನವರು ಹೇಳಿದ ಸರಪಳಿ ಕೋತಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟ ಆಡಿಸಲು ಬಳಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲಿ ಆದೇಶ ಮಾಡಿತು, 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ಬೀದಿಯಲ್ಲಿ ಆಡಿಸುವವರಿಂದ ಬಿಡಿಸಿ ತಂದವು ಇದ್ದವು. ಸೊಂಟದ ಸುತ್ತ ಕೂದಲೇ ಬರದ ಒಂದು ಉಂಗುರ. ಕೂತಲ್ಲೇ ಹಿಂದೆ ಮುಂದೆ ತೂಗುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು. ಅಂಥದ್ದರ ಹತ್ತಿರ ಹೋಗಿ ಮಾತಾಡಿಸುವುದು ಉಪಕಾರ ಅಲ್ಲ. ದೂರದಲ್ಲಿ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಬೇರೆ ಕಡೆ ನೋಡುತ್ತಾ ಕೂರಬೇಕು. ಜೊತೆಗೆ ಕೆಲಸ ಕೊಡಬೇಕು. ಬಿದಿರಿನ ತುಂಡಿಗೆ ತೂತು ಮಾಡಿ ಕಡಲೆಕಾಯಿ ಹಾಕುತ್ತಿದ್ದೆವು. ಒಂದು ಮುದಿ ಹೆಣ್ಣು ಮೊದಲ ಕಾಯಿ ತೆಗೆಯಲು ಅರ್ಧ ಗಂಟೆ ತೆಗೆದುಕೊಂಡಿತು. ಆ ಅರ್ಧ ಗಂಟೆ ಅದು ಒಂದು ಸಲವೂ ತೂಗಲಿಲ್ಲ.

ಹೊಸದಾಗಿ ಬಂದದ್ದನ್ನು ನೇರ ಗುಂಪಿಗೆ ಬಿಡುವುದಿಲ್ಲ. ಕ್ವಾರಂಟೈನ್ ಇರುತ್ತೆ. ಟಿಬಿ ಪರೀಕ್ಷೆಯ ಸೂಜಿಯನ್ನು ಕೋತಿಗೆ ಮೇಲಿನ ಕಣ್ಣುರೆಪ್ಪೆಗೆ ಹಾಕುತ್ತಾರೆ. ಮೂರು ದಿನ ರೆಪ್ಪೆ ಊದಿದೆಯಾ ಅಂತ ದೂರದಿಂದಲೇ ನೋಡಬಹುದು, ಮತ್ತೆ ಹಿಡಿಯುವ ಗೋಳಿಲ್ಲ.

ಬಾಳೆಹಣ್ಣಿನ ಆಸೆಯನ್ನೂ ಬಿಡಬೇಕು. ನಾವು ಬೆಳೆಸುವ ಹಣ್ಣಿನಲ್ಲಿ ಕಾಡುಹಣ್ಣಿಗಿಂತ ಸಕ್ಕರೆ ಜಾಸ್ತಿ. ಹಲ್ಲು ಕೆಡುತ್ತೆ, ಸಕ್ಕರೆ ಕಾಯಿಲೆ ಬರುತ್ತೆ. ಇಂಗ್ಲೆಂಡಿನ ಪೇಯ್ನ್‌ಟನ್ ಮೃಗಾಲಯ ಇದೇ ಕಾರಣಕ್ಕೆ ಕೋತಿಗಳಿಗೆ ಬಾಳೆಹಣ್ಣು ಕೊಡುವುದನ್ನು ನಿಲ್ಲಿಸಿದ್ದು 2014ರಲ್ಲಿ ಸುದ್ದಿಯಾಗಿತ್ತು. ಸೊಪ್ಪು, ತರಕಾರಿಯೇ ಮುಖ್ಯ.

ಜಾಗ ಒಳ್ಳೆಯದಾ ಅಂತ ಕೇಳಿದಿರಿ. ಅಲ್ಲಿ ಮರಿ ಹಾಕಿಸುತ್ತಾರಾ, ಮಾರುತ್ತಾರಾ, ನೋಡಲು ಬಂದವರ ಕೈಗೆ ಮರಿ ಕೊಡುತ್ತಾರಾ ಅಂತ ವಿಚಾರಿಸಿ. ಒಂದಕ್ಕೆ ಹೌದು ಅಂದರೂ ಅದು ಆಶ್ರಯ ಕೇಂದ್ರ ಅಲ್ಲ, ವ್ಯಾಪಾರ. 2007ರಲ್ಲಿ ಶುರುವಾದ ಗ್ಲೋಬಲ್ ಫೆಡರೇಶನ್ ಆಫ್ ಆನಿಮಲ್ ಸ್ಯಾಂಕ್ಚುಯರೀಸ್ ಇಂಥ ಕೇಂದ್ರಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುತ್ತೆ. ಆಫ್ರಿಕಾದಲ್ಲಿ 2000ದಲ್ಲಿ ಹುಟ್ಟಿದ ಪ್ಯಾನ್ ಆಫ್ರಿಕನ್ ಸ್ಯಾಂಕ್ಚುಯರಿ ಅಲಯನ್ಸ್ ಅನ್ನುವ ಆಶ್ರಯ ಕೇಂದ್ರಗಳ ಒಕ್ಕೂಟ ಇದೆ. ಇವುಗಳ ಪಟ್ಟಿ ನೋಡಿ. ಆಮೇಲೆ ಕೇಂದ್ರದವರು ಹಾಕುವ ಫೋಟೋಗಳನ್ನು ನೋಡಿ. ಕೋತಿಯ ಫೋಟೋದಲ್ಲಿ ಮನುಷ್ಯರು ಇರುವುದಾದರೆ ಏಳು ಮೀಟರ್ ದೂರ ಇರಬೇಕು ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ತಜ್ಞರು 2021ರಲ್ಲಿ ಹೇಳಿದ್ದಾರೆ. ಪ್ರತಿ ಫೋಟೋದಲ್ಲೂ ಒಬ್ಬ ವಾಲಂಟಿಯರ್ ಮರಿ ಅಪ್ಪಿಕೊಂಡಿದ್ದರೆ ನನಗೇನೋ ಅಲ್ಲಿ ನಂಬಿಕೆ ಬರಲ್ಲ.

ಮಡಿಕೇರಿಯಿಂದ, ಹೋಗಿ ಬಂದ ಇನ್ನೊಬ್ಬಳು

ಓಲೆ, ಮೂಗುತಿ, ಸರ ಮನೆಯಲ್ಲೇ ಇರಲಿ. ನನ್ನ ಕಿವಿಯ ರಿಂಗ್ ಎಳೆದುಬಿಟ್ಟಿತ್ತು, ಗುರುತು ಇನ್ನೂ ಇದೆ. ಕೂದಲು ಬಿಗಿಯಾಗಿ ಕಟ್ಟಲಿ. ಹಳೆ ಬಟ್ಟೆ, ಗಮ್ ಬೂಟು ಸಾಕು. ಹೋಗುವ ಮೊದಲು ತೋಟದ ಅಂಚಿಗೆ ಬರುವ ಕೋತಿಗಳನ್ನೇ ಹದಿನೈದು ದಿನ ಕೂತು ನೋಡಿ ಬರೆದುಕೊಳ್ಳಲಿ, ಯಾವುದು ಯಾವುದಕ್ಕೆ ದಾರಿ ಬಿಡುತ್ತೆ ಅಂತ. ನಮ್ಮ ಈ ಕೋತಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಗೊತ್ತಾ?

ಗೋಣಿಕೊಪ್ಪದಿಂದ, ಕೇಳಿದ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿದ್ದಾಪುರದ ಅಣ್ಣ ಬರೆದದ್ದನ್ನು ಇವಳ ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ಮಗಳ ಹತ್ತಿರ ಹೋಗಿ ಟಿಕೆಟ್ ಎಷ್ಟಾಗುತ್ತೆ ಅಂತ ಕೇಳಿದರು. ಅವಳು ಕೇಂದ್ರಕ್ಕೆ ಬರೆದು ಮರಿ ಹಾಕಿಸುವ, ಮಾರುವ, ಮುಟ್ಟಿಸುವ ವಿಷಯ ಎಲ್ಲ ಕೇಳಿದ್ದಾಳೆ. ಮೂರಕ್ಕೂ ಇಲ್ಲ ಅಂತ ಉತ್ತರ ಬಂತು, ಟಿಬಿ ರಿಪೋರ್ಟ್ ಕಳಿಸಿ ಅಂತಲೂ ಇತ್ತು. ಹೋಗುವುದನ್ನು ನವೆಂಬರ್‌ಗೆ ಮುಂದಕ್ಕೆ ಹಾಕಿದ್ದಾಳೆ. ಈಗ ದಿನಾ ಬೆಳಿಗ್ಗೆ ಒಂದು ನೋಟ್ ಪುಸ್ತಕ ಹಿಡಿದು ಕಿತ್ತಳೆ ಗಿಡಗಳ ಹತ್ತಿರ ಕೂರುತ್ತಾಳೆ. ಗುಂಪಿನಲ್ಲಿ ಇಪ್ಪತ್ಮೂರು ಇವೆಯಂತೆ, ಒಂದಕ್ಕೆ ಬಾಲ ತುಂಡಾಗಿದೆಯಂತೆ.