ಪದಚರ್ಚೆ: ‘ಪ್ಯೂಬರ್ಟಿ’ಗೆ ಹದಿಹರೆಯ ಸಾಕೇ? ‘ಮೈನೆರೆ’ ಹುಡುಗರಿಗೂ ಸಲ್ಲುತ್ತದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. 9ರಿಂದ 13 ವರ್ಷದ ಮಕ್ಕಳು ತಾವೇ ಓದಿಕೊಳ್ಳಲೆಂದು ಬರೆದ ಆರೋಗ್ಯದ ಕಿರುಹೊತ್ತಗೆಯೊಂದರ ಕನ್ನಡವನ್ನು ತಿದ್ದುತ್ತಿದ್ದೇನೆ. ಪ್ಯೂಬರ್ಟಿ, ಅಂದರೆ ಮಗುವಿನ ಮೈ ದೊಡ್ಡವರ ಮೈಯಾಗಿ ಬದಲಾಗುವುದು, ಎಂಬ ಮಾತಿಗೆ ಅದರಲ್ಲಿ ಹೆಚ್ಚಾಗಿ ‘ಹದಿಹರೆಯ’ ಎಂದಿದೆ. ಅಲ್ಲಲ್ಲಿ ‘ಪ್ರೌಢಾವಸ್ಥೆ’, ‘ಯೌವನಾರಂಭ’ ಕೂಡ ಬಂದಿವೆ. ಮೂರೂ ನನಗೆ ಹಿಡಿಸಿಲ್ಲ.

ಹದಿಹರೆಯ ಚೆಂದದ ಪದ, ಮಕ್ಕಳಿಗೂ ಗೊತ್ತಿರುವ ಪದ. ಆದರೆ ಅದು ವಯಸ್ಸಿನ ಹೆಸರು. ಎಣಿಸಿ ನೋಡಿ: ಹದಿಮೂರರಿಂದ ಹದಿನೆಂಟರವರೆಗೆ ಮಾತ್ರ ‘ಹದಿ’ ಇದೆ. ಹನ್ನೊಂದು, ಹನ್ನೆರಡರಲ್ಲಿ ಇಲ್ಲ. ಪ್ಯೂಬರ್ಟಿ ಎಂಬುದು ಮೈಯೊಳಗೆ ನಡೆಯುವ ಕ್ರಿಯೆ. ಹುಡುಗಿಯರಲ್ಲಿ ಅದು ಸಾಮಾನ್ಯವಾಗಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಎದೆಯ ಮೊಗ್ಗು ಮೂಡುತ್ತಿರುವ ಒಂಬತ್ತು ವರ್ಷದ ಹುಡುಗಿ ‘ಇವು ಹದಿಹರೆಯದ ಬದಲಾವಣೆಗಳು’ ಎಂಬ ಸಾಲನ್ನು ಓದಿದರೆ, ತನಗಿನ್ನೂ ಆ ವಯಸ್ಸಾಗಿಲ್ಲ, ಹಾಗಾದರೆ ತನಗೇನೋ ಆಗಿದೆ ಎಂದು ಹೆದರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಘಟ್ಟವನ್ನು ಅಡೊಲೆಸೆನ್ಸ್ ಎನ್ನುತ್ತದಲ್ಲ, ಹದಿಹರೆಯ ಅದಕ್ಕೇ ಇರಲಿ.

ಪ್ರೌಢಾವಸ್ಥೆಯಂತೂ ಬೇಡವೇ ಬೇಡ. ವಿಜ್ಞಾನದ ಪಾಠದಲ್ಲಿ ಪ್ರೌಢ ಕೀಟವೆಂದರೆ ಬೆಳೆದು ಮುಗಿದ ಕೀಟ. ಈಗಷ್ಟೇ ಬದಲಾಗಲು ತೊಡಗಿದ ಮಗುವಿಗೆ ಅದೇ ಪದ ಹೇಗೆ ಹೊಂದೀತು? ಯೌವನಾರಂಭ ಎಂದೊಡನೆ ಪ್ರೇಮಕಥೆಯ ವಾಸನೆ ಬರುತ್ತದೆ, ಬಿಡಿ. ಸಂಸ್ಕೃತದ ಹಳೆಯ ಲೆಕ್ಕವೊಂದರಲ್ಲಿ ಐದರವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ. ಕೈಶೋರದ ಅಳತೆ ಹದಿಹರೆಯಕ್ಕಿಂತ ಹತ್ತಿರದ್ದೇ. ಆದರೂ ಅದು ಮತ್ತೆ ವಯಸ್ಸಿನ ಲೆಕ್ಕ, ಮೇಲಾಗಿ ಮಕ್ಕಳ ನಾಲಿಗೆಗೆ ದೂರ.

ಕ್ರಿಯೆಯನ್ನು ಹೇಳುವ ಅಚ್ಚ ಕನ್ನಡದ ಮಾತು ನನಗೆ ಹೊಳೆದದ್ದು ‘ಮೈನೆರೆ’ ಒಂದೇ. ಹಳಗನ್ನಡದಲ್ಲಿ ಇದರ ‘ನೆರೆ’ ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ, ‘ನೆಱೆ’. ತುಂಬು, ಪೂರ್ಣವಾಗು ಎಂದು ಅರ್ಥ. ತಮಿಳಿನ ‘ನಿಱೈ’ ಇದರ ನಂಟ. ‘ನೆರೆ ನಂಬಿದೆ’ (ಪೂರ್ತಿ ನಂಬಿದೆ) ಎನ್ನುವಾಗಿನ ನೆರೆಯೂ ಇದೇ. ಜನ ನೆರೆದರು ಎನ್ನುವ ನೆರೆ ಬೇರೆ, ಱ ಅಳಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ಅಂದರೆ ಪದದ ಬೇರಿನಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಮೈ ತುಂಬಿತು ಎಂದಷ್ಟೇ ಇದೆ. ಬಳಕೆಯಲ್ಲಿ ಮಾತ್ರ ಅದು ಹುಡುಗಿಗೆ, ಅದರಲ್ಲೂ ಮೊದಲ ಮುಟ್ಟಿಗೆ, ಗಂಟುಬಿದ್ದಿದೆ. ‘ದೊಡ್ಡವಳಾದಳು’ ಎಂಬುದೂ ಹಾಗೆಯೇ. ‘ದೊಡ್ಡವನಾದ’ ಎಂದರೆ ಎತ್ತರಕ್ಕೆ ಬೆಳೆದ ಅಥವಾ ಹೆಸರು ಮಾಡಿದ ಎಂದಾಗುತ್ತದೆಯೇ ಹೊರತು ಆ ಅರ್ಥ ಬರುವುದಿಲ್ಲ.

ಇಲ್ಲೊಂದು ತೊಡಕಿದೆ. ಮೊದಲ ಮುಟ್ಟು ಪ್ಯೂಬರ್ಟಿಯ ಆರಂಭವಲ್ಲ, ಎದೆ ಮೂಡತೊಡಗಿದ ಸುಮಾರು ಎರಡು, ಎರಡೂವರೆ ವರ್ಷದ ನಂತರದ ಘಟನೆ. ಆ ಹೊತ್ತಿಗೆ ಹುಡುಗಿ ಅತಿ ವೇಗವಾಗಿ ಎತ್ತರವಾಗುವ ಕಾಲವೂ ಬಹುಪಾಲು ದಾಟಿರುತ್ತದೆ. ಹುಡುಗರ ಕತೆಯೂ ಇದೇ. ಮೀಸೆ ಚಿಗುರಿತು, ದನಿ ಒಡೆಯಿತು ಎನ್ನುತ್ತೇವೆ. ಆದರೆ ಅವರಲ್ಲಿ ಮೊದಲ ಗುರುತು ವೃಷಣಗಳು ದೊಡ್ಡದಾಗುವುದು, ಅದು ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಧ್ವನಿಪೆಟ್ಟಿಗೆ ಬೆಳೆದು ದನಿ ದಪ್ಪವಾಗುವುದು, ಮೀಸೆ ಮೂಡುವುದು ಆಮೇಲಿನ ಮಾತು. ಒಟ್ಟಿನಲ್ಲಿ ನಮ್ಮ ಮಾತುಗಳು ಹುಟ್ಟಿದ್ದು ಪಕ್ಕದಲ್ಲಿ ನಿಂತು ನೋಡಿದವರಿಂದ. ಮಿದುಳಿನ ಹೈಪೋಥಲಾಮಸ್ ರಾತ್ರಿಯ ನಿದ್ದೆಯಲ್ಲಿ ಪಿಟ್ಯುಟರಿ ಗ್ರಂಥಿಗೆ ಸಂಕೇತ ಕಳಿಸತೊಡಗಿ, ಅಲ್ಲಿಂದ ಅಂಡಾಶಯಕ್ಕೋ ವೃಷಣಕ್ಕೋ ಸುದ್ದಿ ಮುಟ್ಟಿ, ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಏರುವ ಹೊತ್ತಿಗೆ ಮಗುವಿಗೆ ತನ್ನ ಮೈ ಬೇರೆಯಾಗುತ್ತಿದೆ ಎಂದು ಗೊತ್ತಾಗಿರುತ್ತದೆ, ನೆರೆಹೊರೆಗೆ ಗೊತ್ತಾಗಿರುವುದಿಲ್ಲ. ಕಂಕುಳ ಕೂದಲು, ಬೆವರಿನ ಹೊಸ ವಾಸನೆಗೆ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳೂ ಕಾರಣ. ಇದು ಇನ್ನೊಂದೇ ದಾರಿ, ಎರಡೂ ಒಟ್ಟಿಗೆ ಹೊರಡಬೇಕೆಂದಿಲ್ಲ. ಹುಡುಗರಲ್ಲಿ ಎಷ್ಟೋ ಮಂದಿಗೆ ಎದೆಯ ಭಾಗ ಸ್ವಲ್ಪ ಉಬ್ಬಿ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಇದಕ್ಕೆ ಕೇಳಿದ ಹೆಸರೆಲ್ಲ ಗೇಲಿಯದ್ದೇ. ಹೊತ್ತಗೆಯಲ್ಲಿ ಹೆಸರಿಡದೆ, ಹೀಗೆ ಆಗುತ್ತದೆ, ಕಡಿಮೆಯಾಗುತ್ತದೆ ಎಂದು ಬರೆದಿದ್ದೇನೆ.

ಮನಸ್ಸಿನ ಭಾಗಕ್ಕೆ ಬಂದರೆ ಪದಗಳ ಕೊರತೆಯಿಲ್ಲ, ಆದರೆ ಇರುವ ಪದಗಳು ಬೈಯುತ್ತವೆ. ಹೊತ್ತಗೆಯಲ್ಲಿದ್ದ ‘ಚಿತ್ತಚಾಂಚಲ್ಯ’ ತೆಗೆದು ‘ಮನಸ್ಸಿನ ಏರಿಳಿತ’ ಮಾಡಿದೆ. ‘ಏರುಪೇರು’ ಎಂದರೆ ಏನೋ ಕೆಟ್ಟಿದೆ ಎಂಬ ಧ್ವನಿ, ಏರಿಳಿತದಲ್ಲಿ ಅದಿಲ್ಲ. ‘ನಾಚಿಕೆ’ ಇದ್ದಲ್ಲಿ ‘ಸಂಕೋಚ’ ಹಾಕಿದೆ, ನಾಚಿಕೆಯಾಗುವುದಿಲ್ಲವೇ ಎಂಬ ಗದರಿಕೆ ಆ ಪದದ ಹಿಂದೆಯೇ ಬರುತ್ತದೆ. ‘ಗುಪ್ತಾಂಗ’ ಹೋಗಿ ‘ಜನನಾಂಗ’ ಬಂತು. ‘ಸೋಮಾರಿತನ’ ಎಂಬ ಮಾತನ್ನು ಪೂರ್ತಿ ಹೊಡೆದುಹಾಕಿದೆ: ಈ ಘಟ್ಟದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುವುದರಿಂದ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಕಣ್ಣು ಬಿಡಲಾಗುವುದಿಲ್ಲ. ಸಿಡುಕು, ಮುನಿಸು ಹಾಗೇ ಇವೆ. ಅವು ದೊಡ್ಡವರಿಗೂ ಬರುವಂಥವು, ಮಕ್ಕಳಿಗೂ ಅರ್ಥವಾಗುವಂಥವು. ಆವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ ಎಂಬ ಸಾಲನ್ನು ಅವುಗಳ ಪಕ್ಕದಲ್ಲಿಟ್ಟೆ.

ಸದ್ಯ ನಾನು ಯೋಚಿಸಿರುವುದು ಹೀಗೆ: ವಯಸ್ಸಿನ ಘಟ್ಟಕ್ಕೆ ಹದಿಹರೆಯ, ಮೊದಲ ಮುಟ್ಟಿಗೆ ನೇರವಾಗಿ ‘ಮೊದಲ ಮುಟ್ಟು’, ಹುಡುಗ ಹುಡುಗಿ ಇಬ್ಬರಲ್ಲೂ ನಡೆಯುವ ಇಡೀ ಕ್ರಿಯೆಗೆ ‘ಮೈನೆರೆತ’. ಕೊನೆಯದರ ಬಗ್ಗೆ ಅಳುಕಿದೆ. ‘ಹುಡುಗರ ಮೈನೆರೆತ’ ಎಂದು ಓದಿದ ಹನ್ನೆರಡರ ಹುಡುಗ ಪುಸ್ತಕ ಮುಚ್ಚಿ ನಕ್ಕುಬಿಟ್ಟರೆ ಕೆಲಸ ಕೆಟ್ಟಂತೆ. ‘ಮೈ ಬಲಿಯುವುದು’ ಎಂಬ ಬದಲಿಯೂ ಮನಸ್ಸಿನಲ್ಲಿದೆ, ಆದರೆ ಅದು ಕಸರತ್ತು ಮಾಡಿ ಗಟ್ಟಿಯಾದಂತೆ ಕೇಳುತ್ತದೆ.

ಹಾಗಾಗಿ ಕೇಳುವುದು ಎರಡು. ಗಂಡುಮಕ್ಕಳಿಗೆ ನೆರೆ ಎಂಬ ಧಾತುವನ್ನು ಈ ಅರ್ಥದಲ್ಲಿ ಬಳಸಿದ್ದು ಹಳೆಯ ಪ್ರಯೋಗಗಳಲ್ಲಿ ಯಾರಿಗಾದರೂ ಸಿಕ್ಕಿದೆಯೇ? ಮತ್ತೆ, ನಿಮ್ಮ ಕಡೆಯ ಆಡುಮಾತಿನಲ್ಲಿ ಮೀಸೆಗೂ ದನಿಗೂ ಮೊದಲಿನ ಹಂತವನ್ನು ಹೇಳುವ ಮಾತೇನಾದರೂ ಇದೆಯೇ?