ಹೇಸ್ಟಿಂಗ್ಸ್‌ನಲ್ಲಿ ಮಕ್ಕಳನ್ನು ಬೆಳೆಸುವುದು: ಇಲ್ಲಿರುವವರು ಯಾರಾದರೂ ಹೇಳುತ್ತೀರಾ?

ಧಾರವಾಡದವಳು
ಎಲ್ಲರಿಗೂ ನಮಸ್ಕಾರ. ಇಲ್ಲಿನ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿ, ಚಳಿಗಾಲದಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್‌ಗೆ ಬಂದೆವು. ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು. ಊರು ಚೆನ್ನಾಗಿದೆ, ಜನರೂ ಒಳ್ಳೆಯವರು. ಆದರೆ ಮಗ ಮನೆ ಬಿಟ್ಟು ಹೊರಡುವುದೇ ಇಲ್ಲ. ಅವನಿಗೆ ಸಮುದ್ರ ಅಂದರೆ ಕಾರವಾರದ ಮರಳು. ಇಲ್ಲಿ ನೋಡಿದರೆ ಬರೀ ಕಲ್ಲು. ಶನಿವಾರ ಬಂತೆಂದರೆ ಲಂಡನ್ ರೈಲು ಹತ್ತುತ್ತೇವೆ. ಹೋಗುವುದಕ್ಕೇ ಒಂದೂವರೆ ಗಂಟೆಗಿಂತ ಜಾಸ್ತಿ. ಕನ್ನಡ ಕ್ಲಾಸು, ದಿನಸಿ, ಗೆಳೆಯರ ಮನೆಯಲ್ಲಿ ಊಟ, ಮತ್ತೆ ರೈಲು. ಭಾನುವಾರ ಎಲ್ಲರಿಗೂ ಸುಸ್ತು.

ಜುಲೈಯಲ್ಲಿ ಅತ್ತೆ ಮಾವ ಬರುತ್ತಾರೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ಈ ಊರಲ್ಲಿ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಇನ್ನೊಂದು, ಇಂಥ ಊರಲ್ಲಿ ನಮ್ಮ ಮಕ್ಕಳು ಹೊಂದಿಕೊಳ್ಳುತ್ತಾರಾ? ಇಲ್ಲಾ, ಈಗಲೇ ಲಂಡನ್ ಕಡೆ ಕೆಲಸ ಹುಡುಕಬೇಕಾ?

ಹ್ಯಾರೋ ರಾಯರು
ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ. ಲಂಡನ್‌ಗೆ ಬನ್ನಿ. ಸಮುದ್ರ, ಗಾಳಿ, ಬೆಟ್ಟ ಎಲ್ಲ ರಜೆಗೆ ಸರಿ. ಮಕ್ಕಳು ಬೆಳೆಯುವುದಕ್ಕೆ ತಮ್ಮಂಥ ಮಕ್ಕಳು ಬೇಕು. ನನ್ನ ಮಗಳು ಇಲ್ಲೇ ಹುಟ್ಟಿದವಳು. ಇವತ್ತು ವಚನ ಹಾಡುತ್ತಾಳೆ, ಅಜ್ಜಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಾಳೆ. ನಾವಿಬ್ಬರೇ ಮನೆಯಲ್ಲಿ ಕೂತು ಕಲಿಸಿದ್ದರೆ ಅದು ಆಗುತ್ತಿರಲಿಲ್ಲ. ಸುತ್ತಮುತ್ತ ಕನ್ನಡದ ಮನೆಗಳಿದ್ದವು, ಅದಕ್ಕೇ ಆಯಿತು. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದೆ. ನದಿಯ ಆಚೆ ಪಾರ್ಲಿಮೆಂಟು, ಈಚೆ ಬಸವಣ್ಣ. ಹೇಸ್ಟಿಂಗ್ಸ್‌ನಲ್ಲಿ ಅಂಥದ್ದು ಎಲ್ಲಿ ಸಿಗುತ್ತದೆ?

ಕುಂದಾಪುರದವ, ಕೆಂಟ್
ಎಲ್ಲಿ ಸಿಗುತ್ತದೆ ಅಂದರೆ ಏನು ಮಾರಾಯ್ರೆ, ಹೇಸ್ಟಿಂಗ್ಸ್‌ನಲ್ಲಿ ನನಗೆ ನನ್ನ ಊರೇ ಸಿಗುತ್ತದೆ! ಸ್ಟೇಡ್ ಅನ್ನುವ ದಂಡೆಗೆ ಹೋಗಿ ನೋಡಿ. ಅಲ್ಲಿ ಬಂದರು ಇಲ್ಲ. ದೋಣಿಗಳನ್ನು ಕಲ್ಲಿನ ದಂಡೆಯ ಮೇಲೆ ಯಂತ್ರದಿಂದ ಎಳೆದು ನಿಲ್ಲಿಸುತ್ತಾರೆ. ಹೊರಡುವಾಗ ಮತ್ತೆ ನೀರಿಗೆ ತಳ್ಳುತ್ತಾರೆ. ನಮ್ಮಜ್ಜನ ಕಾಲದಲ್ಲಿ ನಾಡದೋಣಿಯನ್ನು ಹತ್ತಾರು ಜನ ಹೆಗಲು ಕೊಟ್ಟು ಮರಳಿಗೆ ಎಳೆಯುತ್ತಿದ್ದರು. ಪಕ್ಕದಲ್ಲೇ ಕಪ್ಪು ಬಣ್ಣದ ಮರದ ಗೂಡುಗಳಿವೆ. ಕೆಳಗೆ ಜಾಗ ಸಿಗದೆ ಮೇಲಕ್ಕೆ ಕಟ್ಟಿದ್ದು. ಅಗಲ ಒಂದು ಸಣ್ಣ ಕೋಣೆಯಷ್ಟು, ಎತ್ತರ ಮೂರು ಅಂತಸ್ತು. ಬಲೆ ಕೆಡದ ಹಾಗೆ ಅದರೊಳಗೆ ಇಡುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿನ ಬಂಗುಡೆ ತಾಜಾ ಸಿಗುತ್ತದೆ. ನಂಗ್ ಮೀನು ಕೂಡ ಇದೆ, ರೇಟು ಸ್ವಲ್ಪ ಜಾಸ್ತಿ. ನಾನು ಮನೆಯಿಂದ ಮೆಣಸಿನ ಮಸಾಲೆ ಅರೆದು ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ.

ಧಾರವಾಡದವಳು
ಅಣ್ಣ, ಅತ್ತೆ ಮಾವ ಮೀನು ತಿನ್ನುವುದಿಲ್ಲ. ಆದರೆ ದೋಣಿ ಎಳೆಯುವುದನ್ನು ಮಗನಿಗೆ ಖಂಡಿತ ತೋರಿಸುತ್ತೇನೆ.

ಹಳೇಪೇಟೆ ಅಮ್ಮ
ನಾವು ಇದೇ ಊರಿನ ಓಲ್ಡ್ ಟೌನ್‌ನಲ್ಲಿ ಇದ್ದೇವೆ. ಮಕ್ಕಳಿಬ್ಬರೂ ಇಲ್ಲೇ ಬೆಳೆದರು. ಲಂಡನ್ ಚರ್ಚೆ ಪಕ್ಕಕ್ಕಿಟ್ಟು ಇದನ್ನು ಓದಿ.

ಬರೀ ಕಲ್ಲು ಅನ್ನುವ ಹುಡುಗನನ್ನು ನೀರು ಇಳಿದಾಗ ಕರೆದುಕೊಂಡು ಹೋಗಿ. ಕಲ್ಲಿನ ಕೆಳಗೆ ಮರಳು ಕಾಣಿಸುತ್ತದೆ, ಮನೆ ಕಟ್ಟುವಷ್ಟು. ಉಬ್ಬರ ಇಳಿತದ ಹೊತ್ತು ಫೋನಿನಲ್ಲಿ ಸಿಗುತ್ತದೆ. ಅದನ್ನು ನೋಡುವ ಕೆಲಸ ಅವನಿಗೇ ಕೊಡಿ. ಪೂರ್ತಿ ಮರಳೇ ಬೇಕೆಂದರೆ ರೈ ತನಕ ರೈಲು, ಅಲ್ಲಿಂದ ಬಸ್ಸಿನಲ್ಲಿ ಕ್ಯಾಂಬರ್ ಸ್ಯಾಂಡ್ಸ್.

ಅವನಿಗೆ ಡೈನೋಸಾರ್ ಇಷ್ಟವಾ? ಫೇರ್‌ಲೈಟ್ ಕಡೆಯ ಬಂಡೆಗಳಲ್ಲಿ ಇಗ್ವಾನೊಡಾನ್ ಹೆಜ್ಜೆ ಗುರುತುಗಳು ಸಿಕ್ಕಿವೆ. ಆದರೆ ಬಂಡೆಯ ಬುಡದಲ್ಲಿ ನಡೆಯಲು ಬಿಡಬೇಡಿ. ಅದು ಮೆದು ಕಲ್ಲು, ಹೇಳದೆ ಕೇಳದೆ ಕುಸಿಯುತ್ತದೆ. ನೀರು ಏರಿದರೆ ವಾಪಸ್ ಬರುವ ದಾರಿಯೂ ಮುಚ್ಚುತ್ತದೆ. ಇದೊಂದನ್ನು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ. ಮೊದಲು ಬೊಹೀಮಿಯಾ ರೋಡಿನ ಮ್ಯೂಸಿಯಂಗೆ ಹೋಗಿ. ಡೈನೋಸಾರ್ ಪಳೆಯುಳಿಕೆ ಅಲ್ಲೇ ಇವೆ, ಟಿಕೆಟ್ ಇಲ್ಲ.

ಅದೇ ಮ್ಯೂಸಿಯಂನಲ್ಲಿ ನಿಮ್ಮ ಮಾವನವರಿಗೆ ತೋರಿಸಲೇಬೇಕಾದ ದರ್ಬಾರ್ ಹಾಲ್ ಇದೆ. 1886ರಲ್ಲಿ ಲಂಡನ್‌ನಲ್ಲಿ ನಡೆದ ಭಾರತ ಮತ್ತು ವಸಾಹತುಗಳ ಪ್ರದರ್ಶನಕ್ಕೆಂದು ಪಂಜಾಬಿನ ಇಬ್ಬರು ಬಡಗಿಗಳು ಇಂಗ್ಲೆಂಡಿಗೇ ಬಂದು ಕೆತ್ತಿದ್ದು. ಆಮೇಲೆ ಅದನ್ನು ಇಲ್ಲಿನ ಸಂಸದರಾಗಿದ್ದ ಲಾರ್ಡ್ ಬ್ರಾಸಿ ಕೊಂಡುಕೊಂಡರು. ಕೊನೆಗೆ ಅದು ಹೇಸ್ಟಿಂಗ್ಸ್ ಊರಿಗೆ ಬಂತು. ಬಳ್ಳಿ, ಹೂವು, ಜಾಲಿ, ಕಂಬ, ಎಲ್ಲ ಕೈಕೆಲಸ. ನಮ್ಮ ತಂದೆ ಬಂದಾಗ ಅಲ್ಲಿಂದ ಏಳಲೇ ಇಲ್ಲ. ಕಂಬ ಮುಟ್ಟಬಾರದು ಅಂದರೂ ಕೈ ಹತ್ತಿರ ಹಿಡಿದುಕೊಂಡು ನೋಡುತ್ತಲೇ ಇದ್ದರು. ಮನೆ ಬಿಟ್ಟು ಬಂದು ಇಷ್ಟು ದೂರದಲ್ಲಿ ಕೂತು ಆ ಇಬ್ಬರು ಕೆತ್ತಿದರಲ್ಲ ಅಂತ ನನಗೂ ಪ್ರತಿ ಸಲ ಅನಿಸುತ್ತದೆ.

ಸ್ಟೇಡ್ ಹತ್ತಿರ ಮೀನುಗಾರರ ಮ್ಯೂಸಿಯಂ ಇದೆ. ಅದು ಮೊದಲು ಅವರದೇ ಚರ್ಚು. ಒಳಗೆ ಎಂಟರ್‌ಪ್ರೈಸ್ ಅನ್ನುವ ಹಾಯಿದೋಣಿ ಪೂರ್ತಿಯಾಗಿ ನಿಂತಿದೆ, 1912ರದ್ದು. ಒಳಗೆ ತರುವುದಕ್ಕೆ ಗೋಡೆಯನ್ನೇ ಒಡೆದರಂತೆ. ನಿಮ್ಮ ಮಗಳಿಗೆ ಇದು ಇಷ್ಟವಾಗುತ್ತದೆ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಪ್ರತಿ ಶನಿವಾರ ಊರು ಬಿಟ್ಟು ಓಡಿದರೆ ಹುಡುಗನಿಗೆ ಈ ಊರು ಮಲಗುವ ಜಾಗ ಮಾತ್ರ ಆಗುತ್ತದೆ. ಗೆಳೆಯರು ಆಡುವುದು ಶನಿವಾರ, ಹುಟ್ಟುಹಬ್ಬ ಶನಿವಾರ, ಫುಟ್‌ಬಾಲ್ ಶನಿವಾರ. ಎಲ್ಲದರಿಂದ ಅವನು ಹೊರಗೆ. ಎರಡು ವಾರಕ್ಕೊಮ್ಮೆ ಲಂಡನ್ ಸಾಕು.

ಹ್ಯಾರೋ ರಾಯರು
ಅಮ್ಮಾ, ಊರು ನೋಡುವುದಕ್ಕೆ ಯಾರೂ ಬೇಡ ಅಂದಿಲ್ಲ. ಆದರೆ ಎರಡು ವಾರಕ್ಕೊಮ್ಮೆ ಅನ್ನುವುದು ತಿಂಗಳಿಗೊಮ್ಮೆ ಆಗುತ್ತದೆ. ಆಮೇಲೆ ಯುಗಾದಿಗೆ, ದೀಪಾವಳಿಗೆ ಮಾತ್ರ. ಹೀಗೆ ಕಳೆದುಹೋದ ಕುಟುಂಬಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹದಿಮೂರು ಹದಿನಾಲ್ಕು ವರ್ಷಕ್ಕೆ ಮಕ್ಕಳು ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸುತ್ತಾರೆ. ಆಗ ಯಾವ ಮ್ಯೂಸಿಯಂ ಬಂದು ಕಾಪಾಡುತ್ತದೆ?

ಕ್ರಾಲಿ ತಂದೆ
ರಾಯರ ಮಾತು ನನಗೆ ತಟ್ಟಿತು. ನನ್ನ ಮಗ ಈಗ ಯೂನಿವರ್ಸಿಟಿಯಲ್ಲಿದ್ದಾನೆ. ನನ್ನ ಅಮ್ಮ ಫೋನ್ ಮಾಡಿದಾಗ ನಾನು ಮಧ್ಯೆ ನಿಂತು ಎರಡು ಕಡೆಗೂ ಹೇಳಬೇಕು. ಮೊನ್ನೆ ಅಮ್ಮ "ಅವನ ದನಿ ಕೇಳಿದರೆ ಸಾಕು, ಏನಾದರೂ ಮಾತಾಡಲಿ" ಅಂದರು. ನಾವಿರುವ ಊರಲ್ಲಿ ಭಾರತೀಯರು ತುಂಬಾ ಇದ್ದಾರೆ. ದೇವಸ್ಥಾನ ಇದೆ, ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. ಆದರೂ ಹೀಗಾಯಿತು. ಅದಕ್ಕೇ ಊರು ಬದಲಿಸಿದರೆ ಸರಿಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ರಾತ್ರಿ ಮಲಗುವಾಗ ಕನ್ನಡದಲ್ಲಿ ಕಥೆ ಹೇಳಿ ತಂಗಿ. ಕೆಲಸದ ಶಿಫ್ಟ್ ಹೇಗೇ ಇರಲಿ, ಅದೊಂದನ್ನು ಬಿಡಬೇಡಿ.

ಬೆಕ್ಸ್‌ಹಿಲ್ ಮೇಷ್ಟ್ರು
ಎಲ್ಲರೂ ಓದಬೇಕಾದ ಒಂದು ವಿಷಯ ಈ ಊರಲ್ಲೇ ಇದೆ. ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಅಲನ್ ಟ್ಯೂರಿಂಗ್ ಚಿಕ್ಕಂದಿನಲ್ಲಿ ಬೆಳೆದದ್ದು ಹೇಸ್ಟಿಂಗ್ಸ್‌ಗೆ ಅಂಟಿಕೊಂಡಿರುವ ಸೇಂಟ್ ಲಿಯೊನಾರ್ಡ್ಸ್‌ನಲ್ಲಿ. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು. ಭಾರತದ ಬಿಸಿಲು ಮಕ್ಕಳಿಗೆ ಆಗುವುದಿಲ್ಲ ಅಂತ ಅಲನ್ ಮತ್ತು ಅಣ್ಣನನ್ನು ಇಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟಿದ್ದರು. ಆ ಮನೆ ಬಾಸ್ಟನ್ ಲಾಡ್ಜ್. ಈಗ ಅದರ ಗೋಡೆಗೆ ನೀಲಿ ಫಲಕ ಹಾಕಿದ್ದಾರೆ. ಅಪ್ಪ ಅಮ್ಮ ಸಮುದ್ರದ ಆಚೆ, ಮಕ್ಕಳು ಈಚೆ. ಆ ಕಾಲದಲ್ಲಿ ಅಧಿಕಾರಿಗಳ ಮನೆಗಳಲ್ಲಿ ಇದು ಮಾಮೂಲು. ನಿಮ್ಮ ಮಕ್ಕಳು ನಿಮ್ಮ ಜೊತೆಗೇ ಇದ್ದಾರೆ, ಜುಲೈಯಲ್ಲಿ ಅಜ್ಜ ಅಜ್ಜಿಯೂ ಬರುತ್ತಾರೆ. ನಾನಾಗಿದ್ದರೆ ಅಲ್ಲಿಂದ ಲೆಕ್ಕ ಶುರು ಮಾಡುತ್ತಿದ್ದೆ.

ಮಗನನ್ನು ಆ ಮನೆಯ ಮುಂದೆ ನಿಲ್ಲಿಸಿ ಈ ಕಥೆ ಹೇಳಿ. ಹಾಗೇ ಬ್ಯಾಟಲ್ ಊರಿಗೂ ಹೋಗಿ, ರೈಲಿನಲ್ಲಿ ಕಾಲು ಗಂಟೆ. ಹೇಸ್ಟಿಂಗ್ಸ್ ಯುದ್ಧ ಅನ್ನುತ್ತಾರಲ್ಲ, 1066ರ ಅಕ್ಟೋಬರ್ 14ರಂದು ನಡೆದದ್ದು ಅಲ್ಲಿ. ಅದನ್ನು ಗೆದ್ದ ನಾರ್ಮಂಡಿಯ ವಿಲಿಯಂ ಹಡಗಿನಿಂದ ಇಳಿದದ್ದು ಪೆವೆನ್ಸಿಯಲ್ಲಿ. ಶಾಲೆಯಲ್ಲಿ ಈ ಪಾಠ ಬಂದೇ ಬರುತ್ತದೆ. ಜಾಗ ನೋಡಿದ ಹುಡುಗ ತರಗತಿಯಲ್ಲಿ ತಾನಾಗಿ ಕೈ ಎತ್ತುತ್ತಾನೆ.

ಹ್ಯಾರೋ ರಾಯರು
ಟ್ಯೂರಿಂಗ್ ಕಥೆ ನನ್ನ ಮಾತನ್ನೇ ಹೇಳುತ್ತದೆ ಮೇಷ್ಟ್ರೇ. ಮಕ್ಕಳು ತಮ್ಮವರ ನಡುವೆಯೇ ಬೆಳೆಯಬೇಕು ಅಂತ ಅವರು ಕಡಲು ದಾಟಿಸಿದರು. ನಾವು ಎರಡು ಗಂಟೆ ದೂರದ ಲಂಡನ್‌ಗೆ ಹಿಂದೆಮುಂದೆ ನೋಡುತ್ತೇವೆ.

ಬೆಕ್ಸ್‌ಹಿಲ್ ಮೇಷ್ಟ್ರು
ತಮ್ಮವರು ಅಂದರೆ ಮೊದಲು ಅಪ್ಪ ಅಮ್ಮ ಅಲ್ವಾ ರಾಯರೇ? ಅವರೇ ಜೊತೆಗಿರಲಿಲ್ಲವಲ್ಲ!

ಮೈಸೂರು ಅಕ್ಕ, ಬ್ರೈಟನ್
ಅತ್ತೆ ಮಾವ ಬಂದಾಗ ಒಂದು ದಿನ ಬ್ರೈಟನ್‌ಗೂ ಬನ್ನಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳಿಗೆ ಇಲ್ಲಿನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ತೀರಿಕೊಂಡ ಹಿಂದೂ, ಸಿಖ್ ಸಿಪಾಯಿಗಳನ್ನು ಊರ ಹೊರಗಿನ ಗುಡ್ಡದ ಮೇಲೆ ಸುಟ್ಟರು. ಅಲ್ಲಿ ಛತ್ರಿ ಅನ್ನುವ ಬಿಳಿ ಅಮೃತಶಿಲೆಯ ಸ್ಮಾರಕ ಇದೆ, 1921ರಲ್ಲಿ ಅನಾವರಣವಾದದ್ದು. ನಡೆದೇ ಹೋಗಬೇಕು, ಹಾಗಾಗಿ ಅತ್ತೆಯವರಿಗೆ ಅರಮನೆ, ಮಾವನವರಿಗೆ ಛತ್ರಿ. ನಮ್ಮ ಮನೆಗೇ ಊಟಕ್ಕೆ ಬನ್ನಿ.

ಧಾರವಾಡದವಳು
ಎಲ್ಲರಿಗೂ ಧನ್ಯವಾದ. ದರ್ಬಾರ್ ಹಾಲ್ ವಿಷಯ ನನಗೆ ಗೊತ್ತೇ ಇರಲಿಲ್ಲ, ದಿನಾ ಅದೇ ರಸ್ತೆಯಲ್ಲಿ ಬಸ್ಸು ಹೋಗುತ್ತದೆ. ಅತ್ತೆಯ ಮಂಡಿ ಬಗ್ಗೆ ಮತ್ತು ಊಟದ ಬಗ್ಗೆ ಯಾರಾದರೂ ಹೇಳಿದರೆ ಉಪಕಾರ.

ಹ್ಯಾರೋ ರಾಯರು
ಲಂಡನ್ನಿನ ನಮ್ಮ ಹ್ಯಾರೋದಲ್ಲಿ ಊಟಕ್ಕೆ ಯೋಚನೆಯೇ ಬೇಡ. ಇಲ್ಲೊಂದು ಬಾಡಿಗೆ ಮನೆ ಖಾಲಿ ಇದೆ, ಮೆಸೇಜ್ ಮಾಡಿ.

ಹಳೇಪೇಟೆ ಅಮ್ಮ
ಮಂಡಿ ನೋವಿದ್ದರೆ ಓಲ್ಡ್ ಟೌನ್‌ನ ಗಲ್ಲಿಗಳು ಬೇಡ, ಎಲ್ಲ ಏರು ಮತ್ತು ಮೆಟ್ಟಿಲು. ಸ್ಟೇಡ್‌ನಿಂದ ಪಿಯರ್ (ಕಡಲೊಳಗೆ ಚಾಚಿದ ಕಟ್ಟೆ) ತನಕ ಸಮುದ್ರದ ದಾರಿ ಸಮತಟ್ಟು, ಅಲ್ಲಲ್ಲಿ ಬೆಂಚು. ಮಳೆ ಬಂದರೆ ಪಿಯರ್ ಪಕ್ಕದಲ್ಲೇ ಬಾಟಲ್ ಆಲಿ ಇದೆ. ಮೇಲೆ ಸೂರು, ಪಕ್ಕದಲ್ಲಿ ಸಮುದ್ರ, ಗೋಡೆ ತುಂಬ ಒಡೆದ ಗಾಜಿನ ಚೂರುಗಳ ಬಣ್ಣ. ಸುಮಾರು ಅರ್ಧ ಕಿಲೋಮೀಟರ್ ನೆನೆಯದೆ ನಡೆಯಬಹುದು. ಮೇಲಿನಿಂದ ಕಡಲು ನೋಡಬೇಕೆಂದರೆ 1902ರಿಂದ ಇರುವ ಈಸ್ಟ್ ಹಿಲ್ ಲಿಫ್ಟ್, ಹಳಿಯ ಮೇಲೆ ಕಡಿದಾದ ಬೆಟ್ಟ ಏರುತ್ತದೆ. ರಿಪೇರಿಗೆ ನಿಲ್ಲಿಸುವುದೂ ಉಂಟು, ಓಡುತ್ತಿದೆಯಾ ಅಂತ ನೋಡಿಕೊಂಡು ಹೊರಡಿ.

ಚಿಪ್ಸ್ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ. ಯಾವ ಎಣ್ಣೆ, ಮೀನಿಗೂ ಅದೇ ಬಾಣಲೆಯಾ? ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅತ್ತೆಯವರಿಗೆ ಮನಸ್ಸು ಒಪ್ಪದಿದ್ದರೆ ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ. ಡಬ್ಬಿ ಬಿಚ್ಚುವಾಗ ಗೋಡೆಗೆ ಬೆನ್ನು ಮಾಡಿ ಕೂತುಕೊಳ್ಳಿ, ಇಲ್ಲಿನ ಕಡಲಕಾಗೆಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ. ಜುಲೈಯಾದರೂ ಸ್ವೆಟರ್ ಇರಲಿ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಕೋಟು ತೆಗೆದುಕೊಳ್ಳಿ. ನನ್ನ ಹತ್ತಿರ ಎರಡು ಜಾಸ್ತಿ ಇವೆ.